ಪೇಪರಿನಲ್ಲಿ ಅಮ್ಮನ ಫೋಟೋ

ತೂಬಗೆರೆ
೧೫ ಜುಲೈ ೨೦೨೫

ಅಕ್ಕನಿಗೆ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಈ ಕಾಗದಕ್ಕೆ ಪಿನ್ ಮಾಡಿರುವ ಪೇಪರಿನ ತುಂಡು ನೋಡು. ಕನ್ನಡಕ ಹಾಕಿಕೊಂಡು ನೋಡು.

ನೋಡಿದೆಯಾ? ಯಾರದು?

ನಿನ್ನೆ ದೊಡ್ಡಬಳ್ಳಾಪುರದಲ್ಲಿ ಕ್ಷೌರಕ್ಕೆ ಕೂತಿದ್ದೆ. ಮುಖಕ್ಕೆ ಸೋಪು ಹಚ್ಚಿದ್ದರು. ಸುಮ್ಮನೆ ಪೇಪರ್ ತಿರುವುತ್ತಿದ್ದೆ. ಸಿನಿಮಾ ಪುಟದಲ್ಲಿ ಅಮ್ಮ! ನಡುಮನೆಯ ಗೋಡೆಯಲ್ಲಿ ಅಪ್ಪನ ಪಕ್ಕಕ್ಕಿರುವ ಅದೇ ಫೋಟೋ. ತಲೆಯ ಮೇಲೆ ಅದೇ ಸೆರಗು, ಅದೇ ಕಾಸಿನಗಲದ ಕುಂಕುಮ, ಕಂಬಕ್ಕೆ ಆನಿಸಿದ ಅದೇ ಕೈ. ನಾನು ಎದ್ದು ನಿಂತುಬಿಟ್ಟೆ. ಕ್ಷೌರದವನು "ಕುತ್ಕೊಳಣ್ಣೋ, ಕತ್ತಿ ಕೈಯಾಗೈತೆ" ಎಂದು ಕೂಗಿಕೊಂಡ. ಅರ್ಧ ಗಡ್ಡದಲ್ಲೇ ಪೇಪರ್ ಹಿಡಿದು ಬಸ್ ಹತ್ತಿದೆ.

ಫೋಟೋದ ಕೆಳಗೆ ಬರೆದದ್ದನ್ನು ಬಸ್ಸಿನಲ್ಲಿ ಓದಿದೆ. ಹೆಸರು ಐರಿಸ್ ಹ್ಯಾಲೋವೇ ಅಂತೆ. ಹಾಲಿವುಡ್ಡಿನ ಹಳೆಯ ಕಾಲದ ದೊಡ್ಡ ತಾರೆಯಂತೆ. ತೊಂಬತ್ತೆಂಟನೇ ವಯಸ್ಸಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡಳಂತೆ. ಭಾರತದ ಮಹಾರಾಣಿಯಾಗಿ ನಟಿಸಿ ಹೆಸರು ಮಾಡಿದ್ದಳು, ಆದರೆ ಭಾರತಕ್ಕೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಐದು ಮದುವೆ. ಮಕ್ಕಳಿರಲಿಲ್ಲ.

ಅಕ್ಕ, ಅಮ್ಮನಿಗೆ ಐದು ಗಂಡಂದಿರಂತೆ. ಹೋಗಲಿ, ಅದನ್ನಾದರೂ ನುಂಗಿಕೊಳ್ಳುತ್ತೇನೆ. ಮಕ್ಕಳಿರಲಿಲ್ಲ ಎಂದು ಬರೆದಿದ್ದಾರಲ್ಲ, ಹಾಗಾದರೆ ನಾನು ಯಾರು?

ಜ್ಯೋತಿ ಪೇಪರ್ ನೋಡಿ, "ಅಯ್ಯೋ, ನಮ್ಮತ್ತೆ ಪೇಪರ್ನಾಗೆ ಬಂದವ್ರೆ" ಎಂದು ಅದಕ್ಕೂ ಕುಂಕುಮ ಇಡಲು ಹೋದಳು. ಸೊಸೆ ಚಂದನ ಫೋನಿನಲ್ಲಿ ಆ ಹೆಸರು ಹಾಕಿ ಹುಡುಕಿದಳು. ಒಂದೇ, ಎರಡೇ! ಕುದುರೆ ಮೇಲೆ ಒಂದು, ಸಿಗರೇಟ್ ಹಿಡಿದು ಒಂದು, ಈಜುವ ಬಟ್ಟೆಯಲ್ಲಿ ಒಂದು. ಅದನ್ನು ನೋಡಿ ನಾನು ಕಣ್ಣು ಮುಚ್ಚಿಕೊಂಡೆ. ಅರವತ್ತು ವರ್ಷ ಕೈ ಮುಗಿದ ಮುಖ ಅದು.

ನಿನ್ನ ಮಗಳು ಶಿಲ್ಪಳನ್ನು ನಮ್ಮ ನವೀನನಿಗೆ ತಂದುಕೊಳ್ಳಲಿಲ್ಲ ಎಂದು ನೀನು ನನ್ನ ಜೊತೆ ಮಾತು ಬಿಟ್ಟು ಎಂಟು ವರ್ಷವಾಯಿತು. ಶಿಲ್ಪ ಹೊಸಕೋಟೆಯಲ್ಲಿ ಸುಖವಾಗಿದ್ದಾಳೆ, ನವೀನ ಇಲ್ಲಿ ಸುಖವಾಗಿದ್ದಾನೆ, ಇಬ್ಬರೂ ಫೋನಿನಲ್ಲಿ ಹರಟುತ್ತಾರೆ. ನೀನು ಮಾತ್ರ ನಾನು ಫೋನ್ ಮಾಡಿದರೆ ಎತ್ತಿ, ಉಸಿರು ಬಿಟ್ಟು, ಇಡುತ್ತೀಯ. ಮುನೇಶ್ವರನ ಮುಂದೆ ಕರ್ಪೂರ ಹಚ್ಚಿ ನೀನು ಆಣೆ ಇಟ್ಟದ್ದು ಮಾತಾಡುವುದಿಲ್ಲ ಎಂದು. ಬರೆಯುವುದಿಲ್ಲ ಎಂದಲ್ಲ. ಆದ್ದರಿಂದ ಬರೆ.

ಅಮ್ಮ ಹೋದಾಗ ನಿನಗೆ ಎಂಟು ವರ್ಷ. ನಿನಗೆ ಗೊತ್ತಿರಲೇಬೇಕು. ಅಪ್ಪ ಸುಳ್ಳು ಹೇಳಿದನೋ, ಪೇಪರಿನವರು ಸುಳ್ಳು ಬರೆದರೋ?

ನಿನ್ನ ತಮ್ಮ
ವೆಂಕಟರಾಯಪ್ಪ


ಅನುಗೊಂಡನಹಳ್ಳಿ
೨೪ ಜುಲೈ ೨೦೨೫

ವೆಂಕಟರಾಯಪ್ಪನಿಗೆ,

ಕಾಗದ ಬಂತು. ಪಿನ್ನು ಬೆರಳಿಗೆ ಚುಚ್ಚಿತು. ಇನ್ನು ಮೇಲೆ ಅಂಟು ಹಾಕಿ ಕಳಿಸು.

ಪೇಪರಿನವರು ಸುಳ್ಳು ಬರೆದಿಲ್ಲ. ಅದು ಅಮ್ಮ ಅಲ್ಲ. ನನಗೆ ಮೊದಲಿನಿಂದಲೂ ಗೊತ್ತು.

ಲೋ, ಅರವತ್ತು ದಾಟಿದ ಗಂಡಸು ನೀನು. ಆ ಮೂಗು ನೋಡಿಯಾದರೂ ಅನುಮಾನ ಬರಬಾರದೇ? ನಮ್ಮ ವಂಶದಲ್ಲಿ ಯಾರಿಗಿದೆ ಅಂಥ ಮೂಗು? ನಮ್ಮದೆಲ್ಲ ಬದನೆಕಾಯಿ ಮೂಗು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವನು ನೀನು, ಚಿಕ್ಕಂದಿನಿಂದ ಹಾಗೇ.

ಅಪ್ಪ ತೂಬಗೆರೆಯ ಟೆಂಟ್ ಸಿನಿಮಾದಲ್ಲಿ ಮೆಷಿನ್ ಓಡಿಸುತ್ತಿದ್ದ. ಯಾವ ಪಿಕ್ಚರ್ ಬಂದರೂ ಟೆಂಟಿನ ಬಾಗಿಲಿಗೆ ಅದರ ಫೋಟೋ ಕಾರ್ಡು ತೂಗುಹಾಕುತ್ತಿದ್ದರು. ಅಂಥದೊಂದು ಕಾರ್ಡು ಅದು. ಇಂಗ್ಲಿಷ್ ಪಿಕ್ಚರಿನದು. ದೊರೆಸಾನಿಗೆ ಸೀರೆ ಉಡಿಸಿ ಮಹಾರಾಣಿ ಮಾಡಿದ್ದರು.

ಅಮ್ಮನ ಫೋಟೋ ಇಲ್ಲವೇ ಇಲ್ಲ. ಫೋಟೋ ತೆಗೆಸಿದರೆ ಆಯಸ್ಸು ಕಮ್ಮಿಯಾಗುತ್ತದೆ ಎಂದು ಅಜ್ಜಿ ಬಿಡಲಿಲ್ಲ. ತೆಗೆಸದೆ ಎಷ್ಟು ಆಯಸ್ಸು ಬಂತು ನೋಡು. ನಿನ್ನನ್ನು ಹೆತ್ತು, ಪುಣ್ಯಾರ್ಚನೆಗೆ ಮೊದಲೇ ಹೋದಳು.

ನಿನಗೆ ಮಾತು ಬಂದ ಮೇಲೆ ನೀನು ಒಂದು ಹೊಸ ಕಾಟ ಶುರುಮಾಡಿದೆ. ಮನೆಗೆ ಬರುವ ಹೆಂಗಸರನ್ನೆಲ್ಲ "ನೀನಾ ನಮ್ಮಮ್ಮ?" ಎಂದು ಕೇಳುವುದು. ಬಳೆ ಮಾರುವವಳನ್ನು ಕೇಳಿದೆ. ಮೊಸರಿನ ಮಾರಕ್ಕನನ್ನು ಕೇಳಿದೆ, ಅವಳು ಅಳುತ್ತಾ ಮೊಸರು ಅಳೆಯದೇ ಹೋದಳು. ಒಂದು ದಿನ ಅಪ್ಪನಿಗೆ ತಡೆಯಲಾಗಲಿಲ್ಲ. ಗೋಡೆಯ ಕಡೆ ಕೈ ತೋರಿಸಿ "ಅಗೋ, ಅದೇ ಕಣೋ ನಿಮ್ಮಮ್ಮ" ಎಂದುಬಿಟ್ಟ. ಆಮೇಲೆ ತಿರುಗಿ ನನ್ನ ಮುಖ ನೋಡಿದ. ನಾನು ಬಾಯಿ ಮುಚ್ಚಿಕೊಂಡೆ. ನಿನ್ನ ಕಾಟವೂ ನಿಂತಿತು. ಅಷ್ಟೇ ಕತೆ.

ಆ ಫೋಟೋ ಇಳಿಸಿ ಅಟ್ಟಕ್ಕೆ ಹಾಕು. ಬದುಕಿದ್ದ ಹೆಂಗಸಿಗೆ ಅರವತ್ತು ವರ್ಷ ಹಿರಿಯರ ಹಬ್ಬದಲ್ಲಿ ಎಡೆ ಇಟ್ಟಿದ್ದೀಯ. ಮುದ್ದೆ, ಕೋಳಿ ಸಾರು, ಕಜ್ಜಾಯ, ಹೊಸ ಸೀರೆ. ಆದರೂ ತೊಂಬತ್ತೆಂಟು ಮುಟ್ಟಿದಳಲ್ಲ, ಗಟ್ಟಿ ಜೀವ. ಈಗ ಸತ್ತಿದ್ದಾಳೆ, ಈ ವರ್ಷದಿಂದ ಇಟ್ಟರೆ ಶಾಸ್ತ್ರಕ್ಕೂ ಸರಿಹೋಗುತ್ತದೆ.

ತಮಾಷೆಗೆ ಬರೆದೆ. ಇಡಬೇಡ.

ಅಮ್ಮಯಮ್ಮ


ತೂಬಗೆರೆ
೩ ಆಗಸ್ಟ್ ೨೦೨೫

ಅಕ್ಕನಿಗೆ,

"ಅಷ್ಟೇ ಕತೆ" ಎಂದು ಬರೆಯಲು ನಿನಗೆ ಹೇಗೆ ಕೈ ಬಂತು?

ಫೋಟೋ ಇಳಿಸಿಲ್ಲ. ಎರಡು ಸಲ ಸ್ಟೂಲು ಹತ್ತಿದೆ, ಎರಡು ಸಲವೂ ಹಾಗೇ ಇಳಿದೆ. ನಾನು ಎಸ್ಸೆಸ್ಸೆಲ್ಸಿ ಫೇಲಾದ ದಿನ ಹೇಳಿಕೊಂಡದ್ದು ಆ ಮುಖಕ್ಕೆ. ನವೀನ ಹುಟ್ಟಿದಾಗ ಮೊದಲು ತೋರಿಸಿದ್ದು ಆ ಮುಖಕ್ಕೆ. ನೀನು ಮಾತು ಬಿಟ್ಟಾಗ ನಿನ್ನ ಮೇಲೆ ಚಾಡಿ ಹೇಳಿದ್ದೂ ಆ ಮುಖಕ್ಕೇ. ಅಟ್ಟಕ್ಕೆ ಹಾಕು ಎಂದರೆ ಹಾಕಿಬಿಡಲು ಅದೇನು ಹಳೇ ಮೊರವೇ?

ಇನ್ನೊಂದು ಹೇಳುತ್ತೇನೆ, ನಗಬೇಡ. ನಾನು ಸೂತಕ ಹಿಡಿದೆ. ಹನ್ನೊಂದು ದಿನ ಗುಡಿಗೆ ಹೋಗಲಿಲ್ಲ, ಗಡ್ಡದ ಉಳಿದರ್ಧವನ್ನೂ ತೆಗೆಸಲಿಲ್ಲ. ಜ್ಯೋತಿಗೆ ತಲೆ ಕೆಟ್ಟುಹೋಯಿತು. "ಯಾವೂರ್ ಸೂತ್ಕನ್ರೀ ಇದು? ವರಮಹಾಲಕ್ಷ್ಮಿ ಹಬ್ಬ ಮುಂದೈತೆ. ಅಮೆರಿಕದೋಳು ಸತ್ರೆ ತೂಬಗೆರೇಲಿ ಮೈಲಿಗೆನಾ?" ಎಂದು ದಿನಾ ಜಗಳ. ಅವಳು ಹೇಳುವುದು ನ್ಯಾಯವೇ. ಆದರೆ ಆ ಅಮೆರಿಕದವಳಿಗೆ ಮಕ್ಕಳಿಲ್ಲವಲ್ಲ ಅಕ್ಕ. ಐದು ಗಂಡಂದಿರೂ ಮೊದಲೇ ಹೋಗಿದ್ದಾರೆ. ಯಾರಾದರೂ ಒಬ್ಬರು ಹಿಡಿಯಬೇಡವೇ?

ಚಂದನ ಫೋನಿನಲ್ಲಿ ಅವಳ ಕೊನೆಗಾಲದ ಒಂದು ವಿಡಿಯೋ ತೋರಿಸಿದಳು. ಕಾಲ ಮೇಲೆ ಕಂಬಳಿ ಹೊದ್ದು ಕುರ್ಚಿಯಲ್ಲಿ ಕೂತಿದ್ದಾಳೆ. ಕೂದಲು ಹತ್ತಿಯಾಗಿದೆ. ಹಲ್ಲು ಕಟ್ಟಿಸಿದ್ದು. ಯಾರೋ ಏನೋ ಕೇಳಿದರು, ಅವಳು ಜೋರಾಗಿ ನಕ್ಕು ಏನೋ ಹೇಳಿದಳು. ಏನಂತೆ ಎಂದು ಕೇಳಿದೆ. "ನನ್ನ ಹೆಸರು ನೆನಪಿರೋರೆಲ್ಲ ಹೋದ್ರು, ಇನ್ನು ನನ್ನನ್ನ ಯಾರೂ ನೆನೆಸ್ಕೊಳಲ್ಲ ಅಂತಾವ್ರೆ ಮಾವ" ಎಂದಳು ಚಂದನ. ನಾನು ಹಿತ್ತಿಲಿಗೆ ಹೋಗಿ ಅತ್ತೆ. ದಿನಾ ಊದುಬತ್ತಿ ಹಚ್ಚುತ್ತಿದ್ದೆನಲ್ಲ, ಅವಳಿಗೆ ತಿಳಿಸುವವರು ಯಾರು?

ಈಗ ನನಗೆ ಬೇಕಾದದ್ದು ಇಷ್ಟು. ಮಹಾಲಯ ಅಮಾವಾಸ್ಯೆಗೆ ಎಡೆ ಇಡಬೇಕು. ಯಾರ ಮುಂದೆ ಇಡಲಿ? ಅಮ್ಮ ಹೇಗಿದ್ದಳು ಬರೆ. ಬಸ್ ನಿಲ್ದಾಣದ ಹತ್ತಿರ ಕೆಂಪರಾಜನ ಫ್ಲೆಕ್ಸ್ ಅಂಗಡಿ ಇದೆಯಲ್ಲ, ಅವನು "ಬಣ್ಣ, ಮೂಗು, ಕಣ್ಣು ಹೇಳ್ಬುಡಣ್ಣ, ಎಐನಾಗೆ ಎರಡ್ ನಿಮಿಷಕ್ಕೆ ಅಮ್ಮನ್ ತಂದ್ಬುಡ್ತೀನಿ" ಎನ್ನುತ್ತಾನೆ. ನಿನ್ನ ಕಾಗದಕ್ಕೆ ಕಾಯುತ್ತಿದ್ದೇವೆ.

ಇದನ್ನೂ ಬರೆ: ಗೋಡೆ ತುಂಬಾ ದೇವರು ದಿಂಡರ ಪಟವಿರುವಾಗ, ಆ ಸಿನಿಮಾ ಕಾರ್ಡು ಮನೆಗೆ ಬಂದದ್ದಾದರೂ ಏಕೆ?

ವೆಂಕಟರಾಯಪ್ಪ


ಅನುಗೊಂಡನಹಳ್ಳಿ
೧೨ ಆಗಸ್ಟ್ ೨೦೨೫

ವೆಂಕಟರಾಯಪ್ಪನಿಗೆ,

ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ. ಫ್ಲೆಕ್ಸ್ ಅಂಗಡಿಯವನು ಅಮ್ಮನನ್ನು ತರುತ್ತಾನಂತೆ! ಹುಟ್ಟುಹಬ್ಬದ ಪುಢಾರಿಗಳನ್ನು ಬೆಳ್ಳಗೆ ಮಾಡಿ ಕಂಬಕ್ಕೆ ಕಟ್ಟುವವನು.

ಸೂತಕ ಹಿಡಿದದ್ದಕ್ಕೆ ನಗು ಬರಲಿಲ್ಲ, ಮೈ ಉರಿಯಿತು. ಜ್ಯೋತಿಗೆ ನನ್ನ ಪರವಾಗಿ ಹೇಳು, ಅವಳದ್ದು ದೊಡ್ಡ ತಾಳ್ಮೆ ಎಂದು.

ಬರೆಯದಿದ್ದರೆ ನೀನು ಬಿಡುವವನಲ್ಲ. ಬರೆದುಕೋ. ಕಪ್ಪು. ಎತ್ತರವೂ ಅಲ್ಲ ಕುಳ್ಳೂ ಅಲ್ಲ. ಮೂಗು ಬದನೆಕಾಯಿ, ಅದರ ಎಡಕ್ಕೆ ಕೆಂಪು ಹರಳಿನ ಮೂಗುತಿ. ಮುಂದಿನ ಹಲ್ಲು ಸ್ವಲ್ಪ ಉಬ್ಬು. ಕೂದಲು ದಟ್ಟ. ಬಲಗೈಯಲ್ಲಿ ಹಚ್ಚೆ.

ಕಾರ್ಡು ಏಕೆ ಬಂತು ಎಂದು ಕೇಳಬೇಡ. ಅಪ್ಪನ ಹತ್ತಿರ ಅದನ್ನು ಕೇಳಿ ಯಾರಿಗೂ ಒಳ್ಳೆಯದಾಗಿಲ್ಲ.

ಅಮ್ಮಯಮ್ಮ


ತೂಬಗೆರೆ
೨೦ ಆಗಸ್ಟ್ ೨೦೨೫

ಅಕ್ಕನಿಗೆ,

ಕೆಂಪರಾಜ ಮಾಡಿಕೊಟ್ಟ ಫೋಟೋ ಒಳಗಿದೆ. ಮಡಚದೆ ಕಳಿಸಿದ್ದೇನೆ. ನಾನು ಏನೂ ಹೇಳುವುದಿಲ್ಲ. ನೋಡಿ, ಹೌದು ಅಥವಾ ಅಲ್ಲ, ಒಂದೇ ಮಾತು ಬರೆ.

ಇನ್ನೊಂದು ಪ್ರತಿ ನನ್ನ ಹತ್ತಿರ ಇದೆ, ನೀನು ಬರೆಯುವ ತನಕ ಕಟ್ಟು ಹಾಕಿಸುವುದಿಲ್ಲ.

ವೆಂಕಟರಾಯಪ್ಪ


ಅನುಗೊಂಡನಹಳ್ಳಿ
೨೯ ಆಗಸ್ಟ್ ೨೦೨೫

ವೆಂಕಟರಾಯಪ್ಪನಿಗೆ,

ಅಲ್ಲ.

ಅಲ್ಲವೇ ಅಲ್ಲ. ಇದು ಸಂಜೆ ಧಾರಾವಾಹಿಯಲ್ಲಿ ಸೊಸೆಗೆ ವಿಷ ಹಾಕುವ ಅತ್ತೆ. ಕಪ್ಪು ಎಂದು ಬರೆದರೆ ಗೋಧಿ ಬಣ್ಣ ಮಾಡಿದ್ದಾನೆ. ಹಲ್ಲು ಉಬ್ಬು ಎಂದರೆ ಮುತ್ತು ಪೋಣಿಸಿದ್ದಾನೆ. ಕಿವಿಯಲ್ಲಿ ಜುಮಕಿ, ಹಿಂದೆ ಅರಮನೆ. ನಮ್ಮಮ್ಮನ ಹಿಂದೆ ಇದ್ದದ್ದು ಎಮ್ಮೆ ಕಣೋ. ಹಚ್ಚೆಯ ಕೈಗೆ ಆರು ಬೆರಳು ಇಟ್ಟಿದ್ದಾನೆ, ಎಣಿಸಿ ನೋಡು. ಹಾಗೆಂದು ಮತ್ತೆ ಅವನ ಅಂಗಡಿಗೆ ಓಡಬೇಡ. ಅವನು ಬೆರಳು ಸರಿಮಾಡಿ ಕಣ್ಣು ಕೆಡಿಸುತ್ತಾನೆ.

ಆದರೆ ಅವನನ್ನು ಬೈದು ಏನು ಪ್ರಯೋಜನ. ಈ ಫೋಟೋ ನೋಡಿದಾಗಿನಿಂದ ನನಗೆ ನಿದ್ದೆಯಿಲ್ಲ. ಇದಲ್ಲ ಎಂದು ಗೊತ್ತು. ಹಾಗಾದರೆ ಯಾವುದು ಎಂದು ಕಣ್ಣು ಮುಚ್ಚಿ ನೋಡಿದೆ. ಮೂಗುತಿ ಬರುತ್ತದೆ. ಹಚ್ಚೆ ಬರುತ್ತದೆ. ಹಲ್ಲು ಬರುತ್ತದೆ. ಎಲ್ಲಾ ಸೇರಿಸಿ ಮುಖ ಮಾಡಲು ಹೋದರೆ ಸೆರಗು ಹೊದ್ದು ಕಂಬ ಹಿಡಿದು ಆ ದೊರೆಸಾನಿ ಬಂದು ನಿಲ್ಲುತ್ತಾಳೆ! ಮದುವೆಯಾಗುವ ತನಕ ಆ ಮನೆಯಲ್ಲಿ ದಿನಾ ಅವಳನ್ನೇ ನೋಡಿದೆ, ನೀನು ಅವಳನ್ನು ಅಮ್ಮಾ ಎಂದು ಕರೆಯುವುದನ್ನೇ ಕೇಳಿದೆ. ನಿನಗೆ ಇಲ್ಲದ ಮುಖವನ್ನು ಕೊಟ್ಟಳು. ನನಗೆ ಇದ್ದದ್ದನ್ನು ಒರೆಸಿಹಾಕಿದಳು. ಅವಳ ಮೇಲೆ ನನಗೆಷ್ಟು ಸಿಟ್ಟಿದೆ ಎಂದು ನಿನಗೆ ಗೊತ್ತಿಲ್ಲ. ಸತ್ತವರ ಮೇಲೆ ಸಿಟ್ಟಾಗಬಾರದು, ಆದರೂ ಇದೆ.

ಆದ್ದರಿಂದ ಇನ್ನು ಮುಖ ಕೇಳಬೇಡ. ನನ್ನ ಹತ್ತಿರವೂ ಇಲ್ಲ.

ಅಮ್ಮಯಮ್ಮ


ತೂಬಗೆರೆ
೬ ಸೆಪ್ಟೆಂಬರ್ ೨೦೨೫

ಅಕ್ಕನಿಗೆ,

ನಿನ್ನ ಕಾಗದ ಓದಿ ಫೋಟೋ ಇಳಿಸಿದೆ. ಗೋಡೆಯಲ್ಲಿ ಅಷ್ಟಗಲಕ್ಕೆ ಹಳೇ ಸುಣ್ಣ ಬೆಳ್ಳಗೆ ಉಳಿದಿದೆ. ಕೆಂಪರಾಜನ ಫೋಟೋವನ್ನು ಒಲೆಗೆ ಹಾಕಿದೆ.

ಈ ವರ್ಷ ಅಪ್ಪನಿಗೆ, ಅಜ್ಜ ಅಜ್ಜಿಗೆ ಮಾತ್ರ ಎಡೆ. ಅಮ್ಮನಿಗೆ ಇಲ್ಲ. ತೀರ್ಮಾನ ಮಾಡಿದ್ದೇನೆ. ಮುಖ ಗೊತ್ತಿಲ್ಲ. ಏನು ತಿನ್ನುತ್ತಿದ್ದಳು ಗೊತ್ತಿಲ್ಲ. ಹೇಗೆ ನಗುತ್ತಿದ್ದಳು ಗೊತ್ತಿಲ್ಲ. ಅಂಥವಳನ್ನು ಏನೆಂದು ಕರೆಯಲಿ? ದಾರಿಯಲ್ಲಿ ಹೋಗುವವರಿಗೆಲ್ಲ ಎಲೆ ಹಾಕಿದ ಹಾಗಾಗುತ್ತದೆ.

ಸಿಟ್ಟು ನಿನಗೊಬ್ಬಳಿಗೇ ಇದೆ ಎಂದು ತಿಳಿಯಬೇಡ. ನಿನಗೆ ಎಂಟು ವರ್ಷ ಅಮ್ಮ ಸಿಕ್ಕಳು. ಎಂಟು ವರ್ಷದಲ್ಲಿ ನನಗೆಂದು ಎರಡು ಮಾತು ಎತ್ತಿಡಬಾರದಿತ್ತೇ? ಬದನೆಕಾಯಿ ಮೂಗಂತೆ, ಹಲ್ಲು ಉಬ್ಬಂತೆ. ಪೊಲೀಸರು ಕಾಣೆಯಾದವರ ಪ್ರಕಟಣೆ ಕೊಟ್ಟ ಹಾಗೆ ಬರೆದೆ. ಆ ಅಮೆರಿಕದವಳೇ ವಾಸಿ. ನನ್ನ ಮುಖ ನೋಡಿ ಒಂದು ದಿನವೂ ಮಾತು ಬಿಟ್ಟವಳಲ್ಲ.

ವೆಂಕಟರಾಯಪ್ಪ


ಅನುಗೊಂಡನಹಳ್ಳಿ
೧೨ ಸೆಪ್ಟೆಂಬರ್ ೨೦೨೫

ಲೋ ವೆಂಕಟಾ,

ಅಮ್ಮನಿಗೆ ಎಡೆ ಇಡುವುದಿಲ್ಲವೇ? ಹೆತ್ತು ಸತ್ತವಳನ್ನು ಅಮಾವಾಸ್ಯೆಯ ದಿನ ಬಾಗಿಲಲ್ಲಿ ನಿಲ್ಲಿಸುತ್ತೀಯಾ? ನಿನ್ನ ಕಾಗದ ಓದಿ ಒಲೆಯ ಮೇಲಿನ ಹಾಲು ಉಕ್ಕಿಸಿದೆ. ನಿನಗೆ ಎರಡು ಏಟು ಹಾಕಿ ಬರೋಣವೆಂದು ಬಸ್ ನಿಲ್ದಾಣದವರೆಗೂ ಹೋಗಿ ವಾಪಸ್ ಬಂದೆ. ಎತ್ತಿ ಆಡಿಸಿದ ಕೈ ಇದು, ಇನ್ನೂ ಹೊಡೆಯಬಲ್ಲದು.

ಹೇಳಬಾರದು ಎಂದುಕೊಂಡಿದ್ದೆ. ಹೇಳಿಸಿಬಿಟ್ಟೆ. ಓದು.

ನೀನು ಹೊಟ್ಟೆಯಲ್ಲಿದ್ದ ವರ್ಷ ಆ ಇಂಗ್ಲಿಷ್ ಪಿಕ್ಚರ್ ಟೆಂಟಿಗೆ ಬಂತು. ಒಂದು ವಾರಕ್ಕೆಂದು ಬಂದದ್ದು. ಮಳೆ ಹಿಡಿದು, ರಸ್ತೆ ಕೊಚ್ಚಿಹೋಗಿ, ರೀಲಿನ ಪೆಟ್ಟಿಗೆ ತೆಗೆದುಕೊಂಡು ಹೋಗುವವನು ಬರಲೇ ಇಲ್ಲ. ಬೇರೆ ಪೆಟ್ಟಿಗೆಯೂ ಬರಲಿಲ್ಲ. ಅದನ್ನೇ ಹಾಕಿದರು, ದಿನಾ ಅದನ್ನೇ. ಜನ ಬೈದು ಬಿಟ್ಟರು. ಅಮ್ಮ ಬಿಡಲಿಲ್ಲ. ಆಪರೇಟರ್ ಹೆಂಡತಿಗೆ ಟಿಕೆಟ್ ಕೇಳುವವರು ಯಾರು? ತುಂಬಿದ ಹೊಟ್ಟೆ ಹೊತ್ತು, ನನ್ನ ಕೈ ಹಿಡಿದು, ಹೆಂಗಸರ ಕಡೆ ಮರಳಿನ ಮೇಲೆ ಹೋಗಿ ಕೂರುತ್ತಿದ್ದಳು. ಒಂದಕ್ಷರ ಇಂಗ್ಲಿಷ್ ಬಾರದು. ಆದರೂ ನನಗೆ ಕತೆ ಹೇಳುತ್ತಿದ್ದಳು, ಒಂದು ದಿನ ಹೇಳಿದ ಕತೆ ಇನ್ನೊಂದು ದಿನಕ್ಕಿಲ್ಲ. ಒಂದು ದಿನ ಆ ರಾಣಿ ತವರಿಗೆ ಹೊರಟವಳು, ಇನ್ನೊಂದು ದಿನ ಅವಳೇ ಅತ್ತೆಯನ್ನು ಮನೆಯಿಂದ ಓಡಿಸಿದವಳು. ರಾಣಿ ಆ ಬಿಳೀ ದೊರೆಯ ಕೆನ್ನೆಗೆ ಬಾರಿಸುವ ಕಡೆ ಅಮ್ಮ ಎಷ್ಟು ಜೋರಾಗಿ ನಗುತ್ತಿದ್ದಳೆಂದರೆ ಮುಂದಿನ ಸಾಲಿನವರು ತಿರುಗಿ ನೋಡುತ್ತಿದ್ದರು. ಮೆಷಿನ್ ಗೂಡಿನ ಕಿಂಡಿಯಿಂದ ಅಪ್ಪನೂ ಇಣುಕುತ್ತಿದ್ದ, ಪಿಕ್ಚರ್ ನೋಡಲು ಅಲ್ಲ.

ಬೆಳಗ್ಗೆ ಬಾವಿಯಿಂದ ಬರುವಾಗ ಸೊಂಟದಲ್ಲಿ ಬಿಂದಿಗೆ, ಮುಂದೆ ನೀನು, ಆದರೂ ಆ ರಾಣಿಯ ನಡಿಗೆ ನಡೆದು ತೋರಿಸುತ್ತಿದ್ದಳು. ನಾನು ಹಿಂದೆ ಸೇವಕಿ. "ನಡ್ಯೇ ದಾಸಿ" ಎನ್ನುತ್ತಿದ್ದಳು.

ಬಾಗಿಲಲ್ಲಿ ತೂಗುಹಾಕಿದ್ದ ಕಾರ್ಡು ನನಗೆ ಬೇಕು ಎಂದು ಅಪ್ಪನನ್ನು ಕೇಳಿದಳು. ಪೆಟ್ಟಿಗೆಯ ಜೊತೆ ಅದೂ ವಾಪಸ್ ಹೋಗಬೇಕು, ಕೊಡಲಾಗದು ಎಂದ ಅಪ್ಪ. ಮುನಿಸಿಕೊಂಡಳು. ಆ ಮುನಿಸು ಪೂರ್ತಿ ಇಳಿಯುವ ಮೊದಲೇ ನೀನು ಹುಟ್ಟಿದೆ, ಅವಳು ಹೋದಳು. ಆಮೇಲೆ ರಸ್ತೆ ಸರಿಯಾಗಿ ಪೆಟ್ಟಿಗೆ ಹೋಯಿತು. ಕಾರ್ಡು ಹೋಗಲಿಲ್ಲ. ಅಪ್ಪ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ಹೊಡೆದ.

ಬಸುರಿ ಟೆಂಟಿಗೆ ಹೋಗಿ ಗಾಳಿ ಸೋಕಿಸಿಕೊಂಡಳು, ಅದಕ್ಕೇ ಸತ್ತಳು ಎಂದು ಅಜ್ಜಿ ಸಾಯುವ ತನಕ ಹೇಳಿದಳು. ಅಮ್ಮನ ಹೆಸರೆತ್ತಿದರೆ ಅಜ್ಜಿ ಟೆಂಟಿನ ಹೆಸರೆತ್ತುತ್ತಿದ್ದಳು, ಅಪ್ಪ ಉಣ್ಣುವ ತಟ್ಟೆ ಬಿಟ್ಟು ಏಳುತ್ತಿದ್ದ. ಅಪ್ಪ ಉಣ್ಣಲಿ ಎಂದು ನಾನು ಅಮ್ಮನ ಮಾತೇ ಬಿಟ್ಟೆ. ನಿನಗೆ ಎರಡು ಮಾತು ಎತ್ತಿಡಲಿಲ್ಲ ಎಂದೆಯಲ್ಲ, ಇದಕ್ಕೇ.

ಈಗ ತಲೆ ಇದ್ದರೆ ಯೋಚನೆ ಮಾಡು. ಸತ್ತವರಿಗೆ ಇಷ್ಟವಾದದ್ದನ್ನು ನಾವು ಎಡೆಗೆ ಇಡುತ್ತೇವೆ. ಅಪ್ಪನ ಎಲೆಗೆ ಬೀಡಿ ಇಡುತ್ತೀಯಲ್ಲ, ಬೀಡಿಯನ್ನೇ ಅಪ್ಪ ಎಂದು ಗೋಡೆಗೆ ಹೊಡೆದು ಪೂಜೆ ಮಾಡುತ್ತೀಯೇನೋ? ಆ ದೊರೆಸಾನಿ ಎಲೆಯ ಹಿಂದೆ ಕೂರುವವಳಲ್ಲ. ಎಲೆಯ ಮೇಲೆ ಇಡಬೇಕಾದವಳು. ಅಮ್ಮ ಕೇಳಿದ್ದಳು, ಕೊಟ್ಟಿರಲಿಲ್ಲ.

ಫೋಟೋ ಇಲ್ಲದವರಿಗೆ ಕಳಶ ಇಡುವುದಿಲ್ಲವೇ ಊರಲ್ಲಿ? ಕಳಶ ಇಟ್ಟು, ಹೊಸ ಸೀರೆ ಇಟ್ಟು, ಮುನಿತಾಯಮ್ಮ ಎಂದು ಹೆಸರು ಹಿಡಿದು ಕರೆ. ಬರುತ್ತಾಳೆ.

ನಾನೂ ಬರುತ್ತೇನೆ. ಮಾತಾಡುವುದಕ್ಕಲ್ಲ. ನೀನು ಸರಿಯಾಗಿ ಇಡುತ್ತೀಯೋ ಇಲ್ಲವೋ ನೋಡುವುದಕ್ಕೆ.

ಅಮ್ಮಯಮ್ಮ


ಅನುಗೊಂಡನಹಳ್ಳಿ
೨೪ ಸೆಪ್ಟೆಂಬರ್ ೨೦೨೫

ವೆಂಕಟರಾಯಪ್ಪನಿಗೆ,

ಹೊಸಕೋಟೆಗೆ ಕತ್ತಲಾಗುವ ಮೊದಲೇ ಬಂದು, ಅಲ್ಲಿಂದ ಮನೆ ಸೇರಿದೆ. ಕಜ್ಜಾಯಕ್ಕೆ ಪಾಕ ಹೆಚ್ಚಾಗಿತ್ತು ಎಂದು ಜ್ಯೋತಿಗೆ ಹೇಳು.

ಅವತ್ತು ಬಾಯಿ ತಪ್ಪಿ ಬಂದದ್ದು ಲೆಕ್ಕಕ್ಕಿಲ್ಲ. ಆಣೆ ಹಾಗೇ ಇದೆ. ಊರಲ್ಲೆಲ್ಲ ಸಾರಿಕೊಂಡು ಬರಬೇಡ.

ಅಮ್ಮಯಮ್ಮ


ತೂಬಗೆರೆ
೧ ಅಕ್ಟೋಬರ್ ೨೦೨೫

ಅಕ್ಕನಿಗೆ,

ಲೆಕ್ಕಕ್ಕಿದೆ. ಜ್ಯೋತಿ ಕೇಳಿಸಿಕೊಂಡಿದ್ದಾಳೆ, ನವೀನ, ಚಂದನ ಕೇಳಿಸಿಕೊಂಡಿದ್ದಾರೆ. ಮುನೇಶ್ವರನ ಗುಡಿ ನಮ್ಮ ಮನೆಯಿಂದ ಕೂಗಳತೆ, ಅವನೂ ಕೇಳಿಸಿಕೊಂಡಿರುತ್ತಾನೆ. ಬಾಯಿ ತಪ್ಪಿತಂತೆ! ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನೀನೇ ನ್ಯಾಯ ಹೇಳು.

ಬೆಳಗ್ಗೆ ಆಟೋದಿಂದ ಇಳಿದವಳು ನನ್ನನ್ನು ನೋಡಿಯೂ ನೋಡದ ಹಾಗೆ ಒಳಗೆ ಹೋದೆ. ಗೋಡೆಯಲ್ಲಿ ಬೆಳ್ಳಗೆ ಉಳಿದಿದ್ದ ಜಾಗವನ್ನು ಬಹಳ ಹೊತ್ತು ನೋಡಿದೆ. ಆಮೇಲೆ ಶುರುವಾಯಿತು. ನಾನು ಮಾರು ದೂರದಲ್ಲಿ ನಿಂತಿದ್ದೇನೆ, ನೀನು ಚಂದನಳಿಗೆ ಹೇಳುತ್ತೀಯ: "ನಿಮ್ಮಾವುನ್ಗೆ ಹೇಳವ್ವ, ಕಳಶ ಓರೆಯಾಗೈತೆ." "ನಿಮ್ಮಾವುನ್ಗೆ ಹೇಳವ್ವ, ವೀಳ್ಯದೆಲೆ ತೊಟ್ಟು ಆ ಕಡೀಕಲ್ಲ." "ನಿಮ್ಮಾವುನ್ಗೆ ಕಣ್ ಕಾಣ್ಸಲ್ವೇನೋ ಕೇಳವ್ವ." ಪಾಪ, ಆ ಹುಡುಗಿ ಕೊನೆಗೆ "ದೊಡ್ಡತ್ತೆ, ಮಾವ ಇಲ್ಲೇ ಅವ್ರೆ. ಕಿವೀನೂ ಚೆನ್ನಾಗೈತೆ" ಎಂದಳು. ಆಗಲೂ ನೀನು ಬಗ್ಗಲಿಲ್ಲ.

ಕಳಶಕ್ಕೆ ಸೀರೆ ನೀನೇ ಸುತ್ತಿದೆ. ನಾನು ತಂದಿದ್ದ ಗುಲಾಬಿ ಬಣ್ಣದ ಸೀರೆ ಪಕ್ಕಕ್ಕಿಟ್ಟು, ನಿನ್ನ ಚೀಲದಿಂದ ಹಸಿರು ಸೀರೆ ತೆಗೆದು ಸುತ್ತಿದೆ. ಏಕೆ ಹಸಿರು ಎಂದು ಕೇಳಿದರೆ ನೆರಿಗೆ ಸರಿಮಾಡುತ್ತಾ ಕೂತೆ. ಕೆಂಪು ಹರಳಿನ ಮೂಗುತಿ ಸಿಕ್ಕಿಸಲು ತೆಂಗಿನಕಾಯಿಯಲ್ಲಿ ಜಾಗ ಹುಡುಕುತ್ತಾ ನೀನು ಒಬ್ಬಳೇ ನಕ್ಕದ್ದನ್ನು ನಾನು ನೋಡಿದೆ. ಮುದ್ದೆ, ಕೋಳಿ ಸಾರು, ವಡೆ, ಕಜ್ಜಾಯ ಬಡಿಸಿದ ಮೇಲೆ, ನಾನು ಆ ಕಾರ್ಡನ್ನು ಕಟ್ಟಿನಿಂದ ಬಿಚ್ಚಿ ಎಲೆಯ ತುದಿಯಲ್ಲಿ ಇಟ್ಟೆ. ಮಹಾರಾಣಿಯ ಮುಖ ಕಳಶದ ಕಡೆಗೆ ತಿರುಗಿಸಿ ಇಟ್ಟೆ. ನಾನು ಮನಸ್ಸಿನಲ್ಲೇ ಐರಿಸಮ್ಮನಿಗೂ ಕೈ ಮುಗಿದೆ. ನೀನು ಬೈದರೂ ಸರಿ. ಅವಳನ್ನು ನೆನೆಸಿಕೊಳ್ಳುವವರು ಒಂದು ಮನೆಯಲ್ಲಾದರೂ ಇರಲಿ.

ಧೂಪ ಹಾಕಿದೆವು. "ಮುನಿತಾಯಮ್ಮಾ" ಎಂದು ಕರೆಯಲು ಹೋದರೆ ಬಾಯಿಗೆ ಬಂದದ್ದು ಬರೀ ಅಮ್ಮಾ ಎಂದು. ಆ ಹೆಸರನ್ನು ನಾನು ಜೋರಾಗಿ ಹೇಳಿದ್ದೇ ಇಲ್ಲವಲ್ಲ. ನೀನು ಕಾದೆ. ಕೊನೆಗೆ ನಾನೇ ಹೆಸರು ಹಿಡಿದು ಕರೆದೆ. ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಎಳೆದುಕೊಂಡು ಎಲ್ಲರೂ ಪಡಸಾಲೆಗೆ ಬಂದು ಕೂತೆವು. ನೀನು ಆ ಕೊನೆ, ನಾನು ಈ ಕೊನೆ.

ಸ್ವಲ್ಪ ಹೊತ್ತಾಯಿತು. ನವೀನ ಟ್ಯಾಕ್ಸಿಯ ಕೀಲಿ ಕೈಯಲ್ಲಿ ಹಿಡಿದು ಗಡಿಯಾರ ನೋಡಲು ಶುರುಮಾಡಿದ. "ಅಪ್ಪ, ಏರ್‌ಪೋರ್ಟ್ ಟ್ರಿಪ್ ಐತೆ. ತೆಗಿ ಸಾಕು, ಎಲ್ರೂ ಉಂಡಿರ್ತಾರೆ" ಎಂದ. ಪ್ರತಿ ವರ್ಷ ನಾವು ಕಾಯುವುದೂ ಅಷ್ಟೇ ಹೊತ್ತು. ನಾನು ಎದ್ದು ಹೋಗಿ ಚಿಲಕಕ್ಕೆ ಕೈ ಹಾಕಿದೆ.

ಆಗ ನೀನು ಚಂದನಳ ಕಡೆ ನೋಡಲಿಲ್ಲ. ಜ್ಯೋತಿಯ ಕಡೆಯೂ ನೋಡಲಿಲ್ಲ. ನನ್ನ ಮುಖವನ್ನೇ ನೋಡಿ, ನಾನು ಚಿಕ್ಕವನಿದ್ದಾಗ ಗದರುತ್ತಿದ್ದ ಅದೇ ದನಿಯಲ್ಲಿ ಗದರಿದೆ:

"ಏ ವೆಂಕಟಾ, ಈಗ್ಲೇ ತೆಗೀಬ್ಯಾಡ ಕಣೋ. ಅಮ್ಮ ನಿಧಾನಕ್ಕೆ ಉಣ್ಣೋಳು."

ನಾನು ಚಿಲಕದಿಂದ ಕೈ ತೆಗೆದೆ. ಬಂದು ನಿನ್ನ ಪಕ್ಕದಲ್ಲಿ ಕೂತೆ. ಅಮ್ಮ ಉಣ್ಣುವುದು ಮುಗಿಯುವ ತನಕ ಕೂತಿದ್ದೆವು.

ನಿನ್ನ ತಮ್ಮ
ವೆಂಕಟ